ಸೊಸೆಯ ಕೈ ರೊಟ್ಟಿಯನ್ನು ನೀವೂ ಕೇಳಿ ತಿನ್ನಿ

ಪ್ರಶ್ನೆ: ನನಗೆ 58 ವರ್ಷ. ಮಂಡ್ಯದ ಹತ್ತಿರದ ಹಳ್ಳಿ. ಹೋದ ವರ್ಷ ಮಗನ ಮದುವೆಯಾಯಿತು. ಸೊಸೆ ಬಾಗಲಕೋಟೆ ಕಡೆಯವಳು, ಮಗನ ಜೊತೆ ಕೆಲಸದಲ್ಲಿದ್ದವಳು. ಈಗ ಇಬ್ಬರೂ ಮನೆಯಿಂದಲೇ ಕೆಲಸ ಮಾಡುತ್ತಾರೆ. ಒಳ್ಳೆಯ ಹುಡುಗಿ, ಎದುರು ಮಾತಾಡುವುದಿಲ್ಲ. ಆದರೆ ನಾನು ಮಾಡಿದ್ದನ್ನು ಇಷ್ಟಪಟ್ಟು ಉಣ್ಣುವುದಿಲ್ಲ. ಮುದ್ದೆ ಇಟ್ಟರೆ ಅರ್ಧ ಬಿಡುತ್ತಾಳೆ. ತವರಿನಿಂದ ಡಬ್ಬಿ ತುಂಬ ಕಡಕ್ ರೊಟ್ಟಿ, ಚಟ್ನಿಪುಡಿ ಬರುತ್ತದೆ. ರಾತ್ರಿ ಕೋಣೆಯಲ್ಲಿ ಕೂತು ಅದನ್ನು ತಿನ್ನುತ್ತಾಳೆ. ಇಷ್ಟು ವರ್ಷ ತುಂಬಿದ ಮನೆಗೆ ಬೇಯಿಸಿ ಹಾಕಿದವಳು ನಾನು, ಯಾರೂ ತಟ್ಟೆಯಲ್ಲಿ ಬಿಟ್ಟವರಿಲ್ಲ. ಯಜಮಾನರು ‘ಬಿಟ್ಟಾಕು’ ಅಂತಾರೆ. ನನಗೆ ಆಗುತ್ತಿಲ್ಲ. ಅವಳಿಗೆ ನಾನು ಬೇಡವಾದೆನೇ?
— ಹೆಸರು ಬೇಡ, ಮಂಡ್ಯ ಜಿಲ್ಲೆ

ಉತ್ತರ: ನೀವು ಬೇಡವಾಗಿದ್ದೀರಿ ಎನ್ನುವುದಕ್ಕೆ ನಿಮ್ಮ ಪತ್ರದಲ್ಲಿ ಒಂದು ಗುರುತೂ ನನಗೆ ಸಿಗಲಿಲ್ಲ, ತಾಯಿ. ಹಸಿದ ಒಬ್ಬ ಹುಡುಗಿ ಸಿಕ್ಕಳು. ಅವಳು ಉಣ್ಣಲಿ ಎಂದು ಹಂಬಲಿಸುವ ನೀವು ಸಿಕ್ಕಿರಿ. ನಡುವೆ ಒಂದು ಬಾಗಿಲಿದೆ, ಅದಕ್ಕೆ ಚಿಲಕ ಹಾಕಿಲ್ಲ.

ಮೊದಲು ಆ ಅರ್ಧ ಮುದ್ದೆಯ ವಿಷಯ. ನಿಮ್ಮ ಕಡೆ ಮಕ್ಕಳು ಮಾತು ಕಲಿಯುವ ವಯಸ್ಸಿಗೇ ಮುದ್ದೆ ನುಂಗುವುದನ್ನೂ ಕಲಿತುಬಿಡುತ್ತಾರೆ. ತುತ್ತು ಮುರಿದು, ಸಾರಿನಲ್ಲಿ ಅದ್ದಿ, ಹಲ್ಲಿಗೆ ತಾಗಿಸದೆ ಇಳಿಸುವುದು ನಿಮಗೆ ಉಸಿರಾಡಿದಷ್ಟೇ ಸಲೀಸು. ಆ ಹುಡುಗಿಯೋ ಜೋಳದ ರೊಟ್ಟಿಯನ್ನು ಅಗಿದು ಅಗಿದು ಬೆಳೆದವಳು. ಮುದ್ದೆಯನ್ನು ಅಗಿದರೆ ಅದು ಹಲ್ಲಿಗೂ ಅಂಗುಳಿಗೂ ಅಂಟುತ್ತದೆ. ಆಗ ನಿಮ್ಮ ಬಸ್ಸಾರಿನ ರುಚಿ ಅವಳಿಗೆ ಸಿಗುವುದಾದರೂ ಹೇಗೆ? ನುಂಗುವುದನ್ನು ಅವಳಿಗೆ ಯಾರಾದರೂ ಹೇಳಿಕೊಟ್ಟಿದ್ದಾರೆಯೇ? ಹೊಸ ಮನೆಯಲ್ಲಿ ‘ನನಗೆ ಉಣ್ಣಲು ಬರುವುದಿಲ್ಲ’ ಎಂದು ಬಾಯಿಬಿಟ್ಟು ಹೇಳುವುದು ಸುಲಭವಲ್ಲ. ತಟ್ಟೆಯಲ್ಲಿ ಬಿಟ್ಟು ಏಳುವುದೇ ಸುಲಭ. ಚಿಕ್ಕ ಮುದ್ದೆ ಕಟ್ಟಿ, ಸಾರು ಸ್ವಲ್ಪ ಹೆಚ್ಚು ಬಿಡಿ, ಪಕ್ಕದಲ್ಲಿ ಕೂತು ತೋರಿಸಿ.

ಸಾರಿನ ದಾರಿಯೂ ಬೇರೆ. ನಿಮ್ಮ ಕೈ ತೆಂಗಿನಕಾಯಿಗೆ ಹೋಗುವ ಜಾಗದಲ್ಲಿ ಅವಳ ತಾಯಿಯ ಕೈ ಶೇಂಗಾ ಪುಡಿಗೆ, ಗುರೆಳ್ಳು ಪುಡಿಗೆ ಹೋಗುತ್ತದೆ. ನಾಲಿಗೆಗೆ ಊರು ಬದಲಿಸಲು ಒಂದು ವರ್ಷ ಸಾಲದು.

ಇನ್ನು ಕೋಣೆಯಲ್ಲಿ ಕೂತು ತಿನ್ನುವುದು. ನಿಮಗೆ ಅದು ಅವಮಾನದ ಹಾಗೆ ಕಂಡಿದೆ. ನನಗೆ ಅದರಲ್ಲಿ ಸಂಕೋಚ ಕಾಣುತ್ತದೆ. ನೀವು ಕಷ್ಟಪಟ್ಟು ಅಡುಗೆ ಮಾಡಿಟ್ಟಿರುವಾಗ ನಿಮ್ಮೆದುರೇ ತವರಿನ ಡಬ್ಬಿ ಬಿಚ್ಚಿದರೆ ನಿಮಗೆ ನೋವಾದೀತು ಎಂಬ ಅಂಜಿಕೆ ಇರಬಹುದು. ಕಡಕ್ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ, ಬಿಸಿ ಮಾಡಬೇಕಿಲ್ಲ, ಯಾರನ್ನೂ ಎಬ್ಬಿಸಬೇಕಿಲ್ಲ. ಯಾರಿಗೂ ತೊಂದರೆ ಕೊಡದೆ ಹೊಟ್ಟೆ ತುಂಬಿಸಿಕೊಳ್ಳಲು ನೋಡುವವರ ಊಟ ಅದು.

ನಿಮಗೆ ಮುಖ್ಯವಾಗಿ ಹೇಳಬೇಕಾದ್ದು ಬೇರೆಯೇ ಇದೆ. ಇಷ್ಟು ವರ್ಷ ಆ ಮನೆಯಲ್ಲಿ ಬಡಿಸುವ ಕೈ ನಿಮ್ಮದೇ. ಅದು ದೊಡ್ಡ ಸ್ಥಾನ, ದುಡಿದು ಗಳಿಸಿದ ಸ್ಥಾನ. ಆದರೆ ಬಡಿಸುವವರು ಸದಾ ನೀವೇ ಆದರೆ ಅವಳಿಗೆ ಉಳಿಯುವುದು ನೆಂಟರ ಮಣೆ ಮಾತ್ರ. ನೆಂಟರು ಎದುರು ಮಾತಾಡುವುದಿಲ್ಲ, ನಿಜ. ಆದರೆ ‘ಇದು ನನ್ನ ಮನೆ’ ಎಂದೂ ಅನ್ನುವುದಿಲ್ಲ. ಉಣ್ಣಿಸಿ ಒಲಿಸಿಕೊಳ್ಳಲು ನೀವು ಒಂದು ವರ್ಷ ಪ್ರಯತ್ನ ಪಟ್ಟಿದ್ದೀರಿ. ಈಗ ಅವಳ ಕೈಯಿಂದ ಉಂಡು ನೋಡಿ.

ಇವತ್ತು ರಾತ್ರಿಯೇ ಹೋಗಿ ಕೇಳಿ: ‘ನಂಗೂ ಒಂದು ತುಂಡು ಕೊಡವ್ವ, ಆ ಪುಡಿ ಯಾತರದು?’ ಇಷ್ಟು ಸಾಕು. ‘ನಾನು ಮಾಡಿದ್ದು ಯಾಕೆ ತಿನ್ನಲ್ಲ’ ಎಂಬ ಮಾತು ಅದರ ಹಿಂದೆ ಬರಕೂಡದು, ಅವತ್ತೂ ಬೇಡ, ಮರುದಿನವೂ ಬೇಡ.

ಆಮೇಲೆ ಅವಳಿಗೆ ರಜೆಯಿರುವ ಒಂದು ಭಾನುವಾರ ರೊಟ್ಟಿ ಹೇಳಿಕೊಡು ಎಂದು ಕೇಳಿ. ಜೋಳವನ್ನು ಸ್ವಲ್ಪವೇ, ಹೊಸದಾಗಿ ಬೀಸಿಸಿಕೊಂಡು ಬನ್ನಿ. ಹಿಟ್ಟು ಹಳತಾದರೆ ಜಿಗುಟು ಹೋಗಿ ರೊಟ್ಟಿ ಒಡೆಯುತ್ತದೆ. ಗೋಧಿಯಲ್ಲಿರುವ ಅಂಟು ಜೋಳದಲ್ಲಿಲ್ಲ. ಅದಕ್ಕೇ ಕುದಿಯುವ ಎಸರನ್ನು ಹಿಟ್ಟಿಗೆ ಸುರಿದು, ಬಿಸಿಯಿರುವಾಗಲೇ ಅಂಗೈಯಿಂದ ಚೆನ್ನಾಗಿ ನಾದಬೇಕು. ಆಮೇಲೆ ಒಣ ಹಿಟ್ಟು ಉದುರಿಸಿ, ತಿರುಗಿಸುತ್ತಾ ಬಡಿಯಬೇಕು. ಹಂಚಿನ ಮೇಲೆ ಹಾಕಿದ ಕೂಡಲೇ ಒದ್ದೆ ಬಟ್ಟೆಯಿಂದ ಮೇಲ್ಗಡೆ ನೀರು ಸವರಬೇಕು. ಬಿಸಿ ಹಿಟ್ಟಿಗೆ ಕೈಯಿಡುವುದು ಮುದ್ದೆ ಕಟ್ಟುವ ನಿಮಗೆ ಹೊಸದಲ್ಲ. ಬಡಿಯುವುದು ಮಾತ್ರ ಹೊಸದು, ನಿಮ್ಮ ಮೊದಲ ರೊಟ್ಟಿಗಳು ಅಂಚು ಸೀಳುತ್ತವೆ. ಸೀಳಲಿ. ಅವಳು ನಿಮ್ಮ ಕೈ ಹಿಡಿದು ತಿದ್ದಲಿ. ಅನುಮಾನ ಬಂದರೆ ಬೀಗಿತ್ತಿಗೆ ಫೋನು ಮಾಡಿ ಕೇಳಿ. ಮಗಳ ಅತ್ತೆ ತನ್ನಿಂದ ರೊಟ್ಟಿ ಕಲಿಯುತ್ತಿದ್ದಾಳೆ ಎನ್ನುವುದಕ್ಕಿಂತ ಸಮಾಧಾನದ ಸುದ್ದಿ ದೂರದಲ್ಲಿರುವ ಆ ತಾಯಿಗೆ ಇನ್ನೇನಿದೆ?

ಒಂದು ಎಚ್ಚರಿಕೆ. ಇದು ಅವಳಿಗೆ ದಿನನಿತ್ಯದ ಹೊಸ ಕೆಲಸವಾಗಬಾರದು. ಕಂಪ್ಯೂಟರಿನ ಮುಂದಿನಿಂದ ಎದ್ದು ಬಂದವಳು ಪ್ರೀತಿ ತೋರಿಸಲು ಒಲೆಯ ಮುಂದೆ ನಿಲ್ಲಲೇಬೇಕು ಎನ್ನುವುದು ಅನ್ಯಾಯ. ನಿಮ್ಮ ಮಗ ಎಲ್ಲಿ? ಇಡೀ ಪತ್ರದಲ್ಲಿ ಅವನು ಮದುವೆಯಾದ, ಕೆಲಸ ಮಾಡುತ್ತಾನೆ, ಅಷ್ಟೇ. ಎರಡೂ ಕಡೆಯ ರುಚಿ ಬಲ್ಲವನು ಅವನೊಬ್ಬನೇ. ಬದನೆಕಾಯಿ ಸೀಳಿ ಎಣ್ಣೆಗಾಯಿಗೆ ಮಸಾಲೆ ತುಂಬುವುದು, ಶೇಂಗಾ ಹುರಿದು ಸಿಪ್ಪೆ ತೆಗೆಯುವುದು ಅವನ ಪಾಲಿಗಿರಲಿ. ಅಮ್ಮ ಮತ್ತು ಹೆಂಡತಿ ಒಬ್ಬರನ್ನೊಬ್ಬರು ಅರ್ಥಮಾಡಿಕೊಳ್ಳುವುದು ಹೆಂಗಸರ ವ್ಯವಹಾರ ಎಂದು ಅವನು ಹೊರಗೆ ಕೂರುವ ಹಾಗಿಲ್ಲ. ‘ಬಿಟ್ಟಾಕು’ ಎನ್ನುವ ಯಜಮಾನರನ್ನೂ ಕರೆಯಿರಿ, ತಟ್ಟೆ ಇಡಲಿ.

ಇಷ್ಟಾದ ಮೇಲೂ ಕೆಲವು ರಾತ್ರಿ ಅವಳು ಒಬ್ಬಳೇ ಕೂತು ರೊಟ್ಟಿ ಮುರಿಯಬಹುದು. ಬಿಡಿ. ತವರಿನ ನೆನಪಿಗೆ ಅಷ್ಟು ಜಾಗ ಬೇಕು, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಅವಳ ಊರ ಕಡೆ ಶ್ರಾವಣದಲ್ಲಿ ನಾಗರ ಪಂಚಮಿಯ ಹೊತ್ತಿಗೆ ರೊಟ್ಟಿ ಹಬ್ಬ ಮಾಡುತ್ತಾರೆ. ಮನೆಮನೆಯಲ್ಲಿ ರೊಟ್ಟಿ ಬಡಿದು, ಪಲ್ಯ, ಚಟ್ನಿ ಜೊತೆಗಿಟ್ಟು ಅಕ್ಕಪಕ್ಕದವರಿಗೆ, ನೆಂಟರಿಗೆ ಹಂಚುತ್ತಾರೆ. ಅವರ ಮನೆಯಿಂದ ಬಂದದ್ದನ್ನು ತಾವು ತಿನ್ನುತ್ತಾರೆ. ಕೊಡುವುದು ಎಷ್ಟು ಮುಖ್ಯವೋ ತೆಗೆದುಕೊಳ್ಳುವುದೂ ಅಷ್ಟೇ ಮುಖ್ಯವಾದ ಹಬ್ಬ ಅದು. ಈ ಸಲ ನಿಮ್ಮ ಬೀದಿಯಲ್ಲೂ ಅದನ್ನು ಮಾಡಿ. ಹಂಚಲು ಸೊಸೆಯೇ ಮುಂದೆ ಹೋಗಲಿ, ನೀವು ಜೊತೆಗಿರಿ. ‘ನಮ್ಮ ಹುಡುಗಿ ಮಾಡಿದ್ದು’ ಎಂದು ನಾಲ್ಕು ಮನೆಯಲ್ಲಿ ನಿಮ್ಮ ಬಾಯಿಂದ ಬರುವ ಮಾತು ಅವಳ ಕಿವಿಗೆ ಬೀಳಬೇಕು.

ಕೊನೆಗೆ, ಬಾಗಲಕೋಟೆಯಿಂದ ಬಂದ ಡಬ್ಬಿಗಳನ್ನು ಖಾಲಿ ವಾಪಸು ಕಳಿಸಬೇಡಿ. ಹೋಳಿಗೆಗೆ, ಉಂಡೆಗೆ ಶೇಂಗಾ ಅವರಲ್ಲಿದೆ, ಬೆಲ್ಲಕ್ಕೆ ಹೆಸರಾದದ್ದು ನಿಮ್ಮ ಮಂಡ್ಯ. ಒಳ್ಳೆಯ ಬೆಲ್ಲ ತುಂಬಿ, ಜೊತೆಗೊಂದಿಷ್ಟು ರಾಗಿ ಹುರಿಹಿಟ್ಟು ಇಟ್ಟು ಕಳಿಸಿ. ಮುಂದೇನಾಯಿತೆಂದು ನನಗೆ ಬರೆಯಿರಿ.