ಕೆಟ್ಟ ಕಡತಗಳ ರಿಪೇರಿ: ಮನೆಯ ಗಣಕಯಂತ್ರವನ್ನು ಕುರಿತ ಒಂದು ಪಾಠ



ಹರಿದ ಬಟ್ಟೆಗೆ ತೇಪೆ ಹಾಕುವುದು, ಸುಟ್ಟ ಕೈಗೆ ತಣ್ಣೀರು ಹೊಯ್ಯುವುದು, ಜ್ವರ ಬಂದ ಮಗುವನ್ನು ವೈದ್ಯರು ಬರುವ ತನಕ ನೋಡಿಕೊಳ್ಳುವುದು ಮುಂತಾದವನ್ನು ನಮ್ಮಂಥ ಶಾಲೆಗಳಲ್ಲಿ ಗೃಹಕೃತ್ಯದ ಪಾಠವೆಂದು ಹಿಂದಿನಿಂದಲೂ ಕಲಿಸುತ್ತ ಬಂದಿರುವರು. ಈ ಕಾಲದಲ್ಲಿ ಅನೇಕರ ಮನೆಗಳಲ್ಲಿ ಗಣಕಯಂತ್ರವೂ, ಅಂದರೆ ಕಂಪ್ಯೂಟರೂ, ಗೃಹೋಪಯೋಗಿ ಸಾಮಾನುಗಳಲ್ಲಿ ಒಂದಾಗಿರುತ್ತದೆ. ಮಕ್ಕಳ ಪಾಠಗಳು, ಮನೆಯ ಲೆಕ್ಕ, ಬಂಧುಗಳ ಚಿತ್ರಗಳು ಎಲ್ಲವೂ ಅದರಲ್ಲಿ ಸೇರಿರುವವು. ಆದರೆ ಅದು ಕೆಟ್ಟಾಗ ಮಾತ್ರ ನಾವು ಕೈಕಟ್ಟಿ ಕುಳಿತುಕೊಳ್ಳುವೆವು. ಹಾಗೆ ಕುಳಿತುಕೊಳ್ಳಬೇಕಾದುದಿಲ್ಲವೆಂದೂ, ತಕ್ಕಷ್ಟು ತಾಳ್ಮೆಯುಳ್ಳವರು ಯಾರೇ ಆಗಲಿ ಈ ಕೆಲಸದ ಬಹುಭಾಗವನ್ನು ತಾವೇ ಮಾಡಬಲ್ಲರೆಂದೂ ತೋರಿಸುವುದೇ ಈ ಲೇಖನದ ಉದ್ದೇಶವು.

ನಮಗೆ ಪರಿಚಿತರಾದ ಒಂದು ಕುಟುಂಬದಲ್ಲಿ ನಡೆದ ಸಂಗತಿಯನ್ನು ಮೊದಲು ಹೇಳುವೆವು. ಮಳೆಗಾಲದ ಒಂದು ಸಂಜೆ, ಯಂತ್ರವು ತನ್ನನ್ನು ತಾನೇ ನವೀಕರಿಸಿಕೊಳ್ಳುತ್ತಿದ್ದಾಗ, ವಿದ್ಯುತ್ತು ನಿಂತುಹೋಯಿತು. ಮರುದಿನದಿಂದ ಅದು ನಡುನಡುವೆ ಸ್ತಬ್ಧವಾಗಿ ನೀಲಿಯ ಪರದೆಯನ್ನು ತೋರಿಸತೊಡಗಿತು. ಗಾಬರಿಗೊಂಡ ತಾಯಿಯು ಅದನ್ನು ರಿಪೇರಿ ಮಾಡುವವರೊಬ್ಬರಿಗೆ ಒಪ್ಪಿಸಿದಳು. ಎರಡು ದಿನಗಳಲ್ಲಿ ಯಂತ್ರವು ಹೊಸದರಂತೆ ತಿರುಗಿ ಬಂದಿತು. ಆದರೆ ಅದರೊಳಗೆ ಅವರದೆಂಬುದು ಯಾವುದೂ ಉಳಿದಿರಲಿಲ್ಲ. ತೀರಿಹೋದ ಅಜ್ಜಿಯು ಮೊಮ್ಮಕ್ಕಳಿಗೆಂದು ಹೇಳಿದ್ದ ಕಥೆಗಳ ಧ್ವನಿಮುದ್ರಣವು ಅದೊಂದರಲ್ಲಿಯೇ ಇದ್ದಿತು. ರಿಪೇರಿ ಮಾಡಿದವರು ದುರುದ್ದೇಶದಿಂದ ಮಾಡಿದ್ದಲ್ಲ. ಒಳಗಿರುವುದು ಬೇಕೇ ಎಂದು ಅವರು ಕೇಳಲಿಲ್ಲ. ಬೇಕೆಂದು ಇವರು ಹೇಳಲಿಲ್ಲ. ಕೆಲವು ಕಡತಗಳು ಕೆಟ್ಟುದಕ್ಕಾಗಿ ಮನೆಯೆಲ್ಲವನ್ನೂ ಬರಿದುಮಾಡಿದ ಹಾಗಾಯಿತು.

ಈ ಸಂಗತಿಯಿಂದ ನಾವು ಕಲಿಯತಕ್ಕ ಮೊದಲನೆಯ ಮಾತೇನೆಂದರೆ, ಗಣಕಯಂತ್ರದಲ್ಲಿ ಎರಡು ಬಗೆಯ ಕಡತಗಳಿರುವವು. ಯಂತ್ರವನ್ನು ನಡೆಸತಕ್ಕ ಕಾರ್ಯಾಚರಣ ವ್ಯವಸ್ಥೆಯ ಕಡತಗಳು ಒಂದು ಬಗೆ. ನಾವು ಬರೆದು, ಚಿತ್ರಿಸಿ, ಮುದ್ರಿಸಿ ಇಟ್ಟುಕೊಂಡ ಸ್ವಂತ ಕಡತಗಳು ಇನ್ನೊಂದು ಬಗೆ. ಮೊದಲನೆಯವುಗಳಿಗೆ ಲೋಕದಲ್ಲಿ ಕೋಟ್ಯಂತರ ಪ್ರತಿಗಳುಂಟು. ಕೆಟ್ಟರೆ ತಯಾರಕರಿಂದ ಮತ್ತೊಂದನ್ನು ಪಡೆಯಬಹುದು. ಎರಡನೆಯವುಗಳಿಗೆ ನಾವೇ ಪ್ರತಿಮಾಡಿ ಇಡದಿದ್ದರೆ ಬೇರೆ ಪ್ರತಿಯೇ ಇಲ್ಲ. ಮುಂದೆ ಹೇಳುವ ಕ್ರಮವೆಲ್ಲವೂ ಈ ಭೇದದ ಮೇಲೆಯೇ ನಿಂತಿರುವುದು.

ಕಡತವು ಕೆಡುವುದೆಂದರೇನು?

ಗಣಕಯಂತ್ರವು ಒಂದು, ಸೊನ್ನೆ ಎಂಬ ಎರಡೇ ಗುರುತುಗಳಿಂದ ಎಲ್ಲವನ್ನೂ ಬರೆದಿಡುವುದು. ಈ ಒಂದೊಂದು ಗುರುತಿಗೂ ಬಿಟ್ ಎಂದು ಹೆಸರು. ಯೂನಿಕೋಡ್ ಎಂಬ ಸರ್ವಮಾನ್ಯವಾದ ಪಟ್ಟಿಯಲ್ಲಿ ನಮ್ಮ ‘ಕ’ ಅಕ್ಷರದ ಸಂಖ್ಯೆಯು ೩೨೨೧. ‘ಗ’ ಅಕ್ಷರದ ಸಂಖ್ಯೆಯು ೩೨೨೩. ಇವನ್ನು ಯಂತ್ರದ ರೀತಿಯಲ್ಲಿ ಬರೆದರೆ ಮೊದಲನೆಯದು ೧೧೦೦೧೦೦೧೦೧೦೧ ಎಂದೂ ಎರಡನೆಯದು ೧೧೦೦೧೦೦೧೦೧೧೧ ಎಂದೂ ಆಗುವುದು. ಹನ್ನೆರಡು ಗುರುತುಗಳಲ್ಲಿ ಕೊನೆಯಿಂದ ಎರಡನೆಯದೊಂದೇ ಬೇರೆ. ಆದುದರಿಂದ ಒಂದೇ ಒಂದು ಬಿಟ್ ಬದಲಾದರೆ ‘ಕಾಯ’ ಎಂದು ಬರೆದಿಟ್ಟುದು ‘ಗಾಯ’ ಎಂದಾಗಿ ಹೋಗುವುದು. ಓದುವವರು ಹಿಂದುಮುಂದಿನ ಮಾತುಗಳನ್ನು ನೋಡಿ ತಪ್ಪನ್ನು ತಿದ್ದಿಕೊಂಡಾರು. ಆದರೆ ಕಾರ್ಯಾಚರಣ ವ್ಯವಸ್ಥೆಯ ಕಡತದಲ್ಲಿ ಬರೆದಿರುವುದು ಆಜ್ಞೆ, ಯಂತ್ರಕ್ಕೆ ಊಹೆಯಿಲ್ಲ. ಕೆಟ್ಟ ಆಜ್ಞೆಯನ್ನು ಅದು ಕೆಟ್ಟ ಹಾಗೆಯೇ ನಡೆಸುವುದು, ಇಲ್ಲವೆ ನಿಂತುಬಿಡುವುದು.

ಹೀಗೆ ಕೆಡುವುದಕ್ಕೆ ಕಾರಣಗಳು ಹಲವು. ಬರೆಯುತ್ತಿರುವಾಗಲೇ ವಿದ್ಯುತ್ತು ನಿಲ್ಲುವುದು, ಕ್ರಮವಾಗಿ ಮುಚ್ಚದೆ ಗುಂಡಿಯನ್ನೊತ್ತಿ ಯಂತ್ರವನ್ನು ಆರಿಸುವುದು, ಕಡತಗಳಿರುವ ಡಿಸ್ಕು ಸವೆಯುವುದು, ನೆನಪಿನ ಬಿಲ್ಲೆಯಲ್ಲಿ ದೋಷವಿರುವುದು, ವೈರಸ್ ಮುಂತಾದ ದುಷ್ಟ ತಂತ್ರಾಂಶಗಳು ಒಳಹೊಗುವುದು ಇವು ಮುಖ್ಯವಾದವು. ಕಾರಣವು ಉಳಿದುಕೊಂಡಿದ್ದರೆ ರಿಪೇರಿಯು ನಿಲ್ಲದೆಂಬುದನ್ನು ಮರೆಯಕೂಡದು. ಸೋರುವ ಮಾಡನ್ನು ಹಾಗೆಯೇ ಬಿಟ್ಟು ನೆಲವನ್ನು ಒರಸಿದರೆ ಫಲವೇನು?

ಸರಿಪಡಿಸುವ ತತ್ತ್ವ

ಅಚ್ಚುಕೂಟದಲ್ಲಿ ಕರಡನ್ನು ತಿದ್ದುವವರು ಮೂಲ ಹಸ್ತಪ್ರತಿಯನ್ನು ಪಕ್ಕದಲ್ಲಿಟ್ಟುಕೊಂಡು ಅಕ್ಷರಕ್ಕೆ ಅಕ್ಷರವನ್ನು ಹೋಲಿಸಿ ನೋಡುವರಷ್ಟೆ. ಇಲ್ಲಿಯೂ ತತ್ತ್ವವು ಅದೇ. ಹೋಲಿಸುವ ಶ್ರಮವನ್ನು ಕಡಮೆಮಾಡಲು ಒಂದು ಉಪಾಯವುಂಟು. ಕಡತದ ಬಿಟ್‌ಗಳನ್ನೆಲ್ಲ ಒಂದು ಗಣಿತಸೂತ್ರಕ್ಕೆ ಒಳಪಡಿಸಿ ಅದರಿಂದ ಒಂದು ಸಂಖ್ಯೆಯನ್ನು ಪಡೆಯುವರು. ಷಾ-೨೫೬ ಎಂಬ ಸೂತ್ರವನ್ನು ಬಳಸಿದರೆ, ಕಡತವು ಚಿಕ್ಕದಿರಲಿ ದೊಡ್ಡದಿರಲಿ, ಫಲವು ೨೫೬ ಬಿಟ್‌ಗಳಷ್ಟೇ ಇರುವುದು. ಕಡತದಲ್ಲಿ ಒಂದು ಬಿಟ್ ಬದಲಾದರೂ ಫಲದಲ್ಲಿ ಸುಮಾರು ಅರ್ಧದಷ್ಟು ಬಿಟ್‌ಗಳು ಬದಲಾಗುವವು. ಮನುಷ್ಯರಿಗೆ ಬೆರಳಚ್ಚು ಹೇಗೋ ಕಡತಕ್ಕೆ ಈ ಸಂಖ್ಯೆಯು ಹಾಗೆ.

ಮೈಕ್ರೋಸಾಫ್ಟ್ ಸಂಸ್ಥೆಯವರ ವಿಂಡೋಸ್ ಎಂಬ ವ್ಯವಸ್ಥೆಯನ್ನೇ ಇಲ್ಲಿ ಉದಾಹರಣೆಯಾಗಿ ತೆಗೆದುಕೊಳ್ಳುವೆವು. ಅದರಲ್ಲಿ ಸಿಸ್ಟಮ್ ಫೈಲ್ ಚೆಕರ್ ಎಂಬ ಪರೀಕ್ಷಕನು ೧೯೯೮ರ ವಿಂಡೋಸ್ ೯೮ರಿಂದಲೂ ಇರುವನು. ಈಗಿನ ವಿಂಡೋಸಿನಲ್ಲಿ ಇವನು ವ್ಯವಸ್ಥೆಯ ಮುಖ್ಯ ಕಡತಗಳನ್ನು ಒಂದೊಂದಾಗಿ ಪರೀಕ್ಷಿಸಿ, ಕೆಟ್ಟುದನ್ನು ತೆಗೆದು, ವಿನ್‌ಎಸ್‌ಎಕ್ಸ್‌ಎಸ್ ಎಂಬ ಉಗ್ರಾಣದಿಂದ ಒಳ್ಳೆಯ ಪ್ರತಿಯನ್ನು ತಂದಿಡುವನು. ಆದರೆ ಆ ಉಗ್ರಾಣವೇ ಕೆಟ್ಟಿದ್ದರೆ? ಕಣಜದ ಬಿತ್ತನೆಯ ಕಾಳಿಗೇ ಹುಳು ಹಿಡಿದ ಮೇಲೆ ಬಿತ್ತಿ ಪ್ರಯೋಜನವಿಲ್ಲ. ಆ ಕಾರಣದಿಂದ ಉಗ್ರಾಣವನ್ನು ಸರಿಪಡಿಸುವುದಕ್ಕೆ ಡಿಸ್ಮ್ ಎಂಬ ಬೇರೊಂದು ಸಾಧನವಿರುವುದು. ಅದು ೨೦೦೯ರಲ್ಲಿ ವಿಂಡೋಸ್ ೭ರೊಡನೆ ಬಂದಿತು. ಉಗ್ರಾಣವನ್ನು ತಾನಾಗಿ ದುರಸ್ತಿಮಾಡುವ ಶಕ್ತಿಯು ೨೦೧೨ರ ವಿಂಡೋಸ್ ೮ರಲ್ಲಿ ಅದಕ್ಕೆ ಸೇರಿತು.

ಮಾಡತಕ್ಕ ಕ್ರಮ

ಯಂತ್ರವು ಹೇಗೋ ತೆರೆದುಕೊಳ್ಳುತ್ತಿದ್ದರೆ ಕೆಳಗಣ ನಾಲ್ಕು ಹೆಜ್ಜೆಗಳನ್ನು ಇದೇ ಅನುಕ್ರಮದಲ್ಲಿ ಇಡಬೇಕು.

ಮೊದಲನೆಯದಾಗಿ, ಸ್ವಂತ ಕಡತಗಳನ್ನೆಲ್ಲ ಬೇರೊಂದು ಡಿಸ್ಕಿಗೆ ಪ್ರತಿಮಾಡಿಕೊಳ್ಳಬೇಕು. ಪ್ರತಿಯಾಯಿತೆಂದು ಸುಮ್ಮನಿರದೆ, ಆ ಪ್ರತಿಗಳಲ್ಲಿ ಕೆಲವನ್ನು ಮತ್ತೊಂದು ಯಂತ್ರದಲ್ಲಿ ತೆರೆದು ನೋಡಬೇಕು. ಡಿಸ್ಕಿನಿಂದ ಟಕಟಕ ಎಂಬ ಶಬ್ದವು ಬರುತ್ತಿದ್ದರೆ ಅದು ಸಾಯುತ್ತಿರುವುದೆಂದು ತಿಳಿದು, ಯಂತ್ರವನ್ನು ಆರಿಸಿ, ಡಿಸ್ಕಿನಿಂದ ಕಡತಗಳನ್ನು ಹೊರತೆಗೆಯಬಲ್ಲ ನಿಪುಣರಿಗೆ ತೋರಿಸತಕ್ಕದ್ದು. ಅಂಥ ಡಿಸ್ಕಿನ ಮೇಲೆ ರಿಪೇರಿಯ ಭಾರವನ್ನು ಹೇರಕೂಡದು.

ಎರಡನೆಯದಾಗಿ, ಉಗ್ರಾಣವನ್ನು ಸರಿಪಡಿಸಬೇಕು. ಯಂತ್ರವನ್ನು ಅಂತರ್ಜಾಲಕ್ಕೆ ಸೇರಿಸಿರಿ. ಒಳ್ಳೆಯ ಪ್ರತಿಗಳು ಅಲ್ಲಿಂದಲೇ ಬರತಕ್ಕವು. ಸ್ಟಾರ್ಟ್ ಎಂಬಲ್ಲಿ ಸಿ, ಎಮ್, ಡಿ ಎಂಬ ಮೂರು ಆಂಗ್ಲ ಅಕ್ಷರಗಳನ್ನು ಬರೆದರೆ ಕಮಾಂಡ್ ಪ್ರಾಂಪ್ಟ್ ಎಂಬ ಹೆಸರು ಕಾಣುವುದು. ಅದರ ಮೇಲೆ ಮೌಸಿನ ಬಲಗುಂಡಿಯನ್ನೊತ್ತಿ, ಅಧಿಕಾರಿಯ ಹಕ್ಕಿನಿಂದ ತೆರೆಯುವ ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್ ಎಂಬುದನ್ನು ಆರಿಸಬೇಕು. ಕಪ್ಪು ಕಿಟಕಿಯೊಂದು ತೆರೆಯುವುದು. ಅದರಲ್ಲಿ ಆಂಗ್ಲ ಲಿಪಿಯಲ್ಲಿ ಹೀಗೆ ಬರೆಯಬೇಕು: ಡಿ, ಐ, ಎಸ್, ಎಮ್ ಎಂಬ ನಾಲ್ಕು ಅಕ್ಷರ, ಒಂದು ತೆರವು, ಬಲಕ್ಕೆ ವಾಲಿದ ಓರೆಗೆರೆ, ಅದಕ್ಕೆ ತಗುಲಿದಂತೆ ಆನ್‌ಲೈನ್, ಒಂದು ತೆರವು, ಓರೆಗೆರೆ, ಕ್ಲೀನಪ್, ಕಿರಿಯ ಅಡ್ಡಗೆರೆ, ಇಮೇಜ್, ಒಂದು ತೆರವು, ಓರೆಗೆರೆ, ರೆಸ್ಟೋರ್ ಮತ್ತು ಹೆಲ್ತ್ ಎರಡನ್ನೂ ಕೂಡಿಸಿ. ಬಳಿಕ ಎಂಟರ್ ಕೀಲಿಯನ್ನು ಒತ್ತಬೇಕು. ಇಲ್ಲಿ ಆನ್‌ಲೈನ್ ಎಂದರೆ ಅಂತರ್ಜಾಲವಲ್ಲ, ಈಗ ನಡೆಯುತ್ತಿರುವ ವಿಂಡೋಸ್ ಎಂದರ್ಥ. ಕೆಲಸದ ಪ್ರಮಾಣವನ್ನು ತೋರಿಸುವ ಅಂಕೆಯು ಒಂದೇ ಕಡೆ ಬಹಳ ಹೊತ್ತು ನಿಂತಂತೆ ಕಾಣಬಹುದು. ಆಗ ಬೇಸತ್ತು ಕಿಟಕಿಯನ್ನು ಮುಚ್ಚಕೂಡದು.

ಮೂರನೆಯದಾಗಿ, ಪರೀಕ್ಷಕನನ್ನು ಕರೆಯಬೇಕು. ಅದೇ ಕಿಟಕಿಯಲ್ಲಿ ಎಸ್, ಎಫ್, ಸಿ ಎಂಬ ಅಕ್ಷರಗಳು, ಒಂದು ತೆರವು, ಓರೆಗೆರೆ, ಸ್ಕ್ಯಾನ್ ಮತ್ತು ನೌ ಎರಡನ್ನೂ ಕೂಡಿಸಿ ಬರೆದು ಎಂಟರ್ ಒತ್ತಿದರೆ ಸಾಕು. ಕೊನೆಯಲ್ಲಿ ನಾಲ್ಕು ಉತ್ತರಗಳಲ್ಲಿ ಒಂದು ಬರುವುದು. ಯಾವ ಕಡತವೂ ಕೆಟ್ಟಿಲ್ಲವೆಂದಾದರೆ ದೋಷವು ಬೇರೆಡೆಯಿರುವುದು. ಕೆಟ್ಟವು ಇದ್ದವು, ಸರಿಪಡಿಸಿದೆನೆಂದಾದರೆ ಯಂತ್ರವನ್ನು ಒಮ್ಮೆ ಆರಿಸಿ ತೆರೆಯಬೇಕು. ಕೆಲವನ್ನು ಸರಿಪಡಿಸಲಾಗಲಿಲ್ಲವೆಂದಾದರೆ ಎರಡನೆಯ ಮತ್ತು ಮೂರನೆಯ ಹೆಜ್ಜೆಗಳನ್ನು ಇನ್ನೊಮ್ಮೆ ಇಡಬೇಕು. ಪರೀಕ್ಷೆಯನ್ನೇ ನಡೆಸಲಾಗಲಿಲ್ಲವೆಂದಾದರೆ, ಅತ್ಯವಶ್ಯವಾದುದಿಷ್ಟನ್ನೇ ತೆರೆಯುವ ಸೇಫ್ ಮೋಡ್ ಎಂಬ ಸ್ಥಿತಿಯಲ್ಲಿ ಪುನಃ ಪ್ರಯತ್ನಿಸಬೇಕು.

ನಾಲ್ಕನೆಯದಾಗಿ, ಕಾರಣವನ್ನು ಹುಡುಕಬೇಕು. ಚೆಕ್‌ಡಿಸ್ಕ್ ಎಂಬ ಸಾಧನದಿಂದ ಡಿಸ್ಕಿನ ಲೆಕ್ಕಪತ್ರದಲ್ಲಿರುವ ತಪ್ಪುಗಳನ್ನೂ, ವಿಂಡೋಸಿನೊಳಗೇ ಇರುವ ಮೆಮೊರಿ ಡಯಾಗ್ನಾಸ್ಟಿಕ್ ಎಂಬ ಸಾಧನದಿಂದ ನೆನಪಿನ ಬಿಲ್ಲೆಯ ದೋಷವನ್ನೂ ಕಂಡುಹಿಡಿಯಬಹುದು. ವೈರಸ್ಸಿನ ಶೋಧನೆಯನ್ನೂ ಮಾಡಿಸಬೇಕು.

ಯಂತ್ರವು ತೆರೆಯದಿದ್ದರೆ

ವಿಂಡೋಸ್ ತೆರೆಯುವ ಪ್ರಯತ್ನವು ಎರಡು ಮೂರು ಸಾರಿ ಕೆಟ್ಟರೆ ರಿಕವರಿ ಎಂಬ ದುರಸ್ತಿಯ ಕೋಣೆಯು ಸಾಮಾನ್ಯವಾಗಿ ತಾನಾಗಿಯೇ ತೆರೆಯುವುದು. ಆರಂಭದ ದೋಷವನ್ನು ಸರಿಪಡಿಸುವುದು, ಕಡೆಗೆ ಬಂದ ನವೀಕರಣವನ್ನು ಹಿಂದೆಗೆಯುವುದು, ಸೇಫ್ ಮೋಡಿಗೆ ಹೋಗುವುದು ಮುಂತಾದ ದಾರಿಗಳು ಅಲ್ಲಿರುವವು. ಅದೂ ತೆರೆಯದಿದ್ದರೆ, ಮೈಕ್ರೋಸಾಫ್ಟಿನವರ ಸ್ವಂತ ತಾಣದಿಂದ ವಿಂಡೋಸನ್ನು ೮ ಗಿಗಾಬೈಟಿನ ಯುಎಸ್‌ಬಿ ಕಡ್ಡಿಗೆ ಇಳಿಸಿಕೊಂಡು ಅದರಿಂದ ಯಂತ್ರವನ್ನು ಎಬ್ಬಿಸಬೇಕು. ಅನೇಕ ಹೊಸ ಯಂತ್ರಗಳಲ್ಲಿ ಡಿಸ್ಕಿಗೆ ಗೂಢಲಿಪಿಯ ಬೀಗವಿರುವುದು; ಆಗ ೪೮ ಅಂಕೆಗಳ ಬೀಗದ ಸಂಖ್ಯೆಯನ್ನು ಯಂತ್ರವು ಕೇಳಬಹುದು. ಅದನ್ನು ಯಂತ್ರವು ಸುಸ್ಥಿತಿಯಲ್ಲಿರುವಾಗಲೇ ಕಾಗದದ ಮೇಲೆ ಬರೆದು, ಮನೆಯ ಪತ್ರಗಳೊಡನೆ ಇಟ್ಟಿರಬೇಕು. ಕಡೆಯ ಉಪಾಯವು ರೀಸೆಟ್. ಅದರಲ್ಲಿ ನನ್ನ ಕಡತಗಳಿರಲಿ ಎಂಬುದೊಂದು, ಎಲ್ಲವನ್ನೂ ತೆಗೆ ಎಂಬುದೊಂದು ಹೀಗೆ ಎರಡು ಬಗೆಯುಂಟು. ಮೊದಲನೆಯದರಲ್ಲಿಯೂ ನಾವು ಹಾಕಿಕೊಂಡ ತಂತ್ರಾಂಶಗಳು ಹೋಗುವವು. ಎರಡನೆಯದರಲ್ಲಿ ಸರ್ವಸ್ವವೂ ಹೋಗುವುದು. ಈ ಎರಡು ಸಾಲುಗಳನ್ನು ನಿಧಾನವಾಗಿ ಓದದೆ ಬೆರಳನ್ನು ಇಡಬಾರದು.

ಈ ಉಪಾಯದ ಎಲ್ಲೆ

ಪರೀಕ್ಷಕನು ಕಾಯುವುದು ವಿಂಡೋಸಿನ ಸ್ವಂತ ಕಡತಗಳನ್ನು ಮಾತ್ರ. ೨೦೨೪ನೆಯ ಇಸವಿ ಜುಲೈ ೧೯ರಂದು ಕ್ರೌಡ್‌ಸ್ಟ್ರೈಕ್ ಎಂಬ ಅಮೆರಿಕದ ಭದ್ರತಾ ಸಂಸ್ಥೆಯು ದೋಷವುಳ್ಳ ನವೀಕರಣವೊಂದನ್ನು ಕಳುಹಿಸಿತು. ಮೈಕ್ರೋಸಾಫ್ಟಿನವರ ಅಂದಾಜಿನ ಮೇರೆಗೆ ಸುಮಾರು ೮೫ ಲಕ್ಷ ಯಂತ್ರಗಳು ಅದರಿಂದ ನಿಂತುಹೋದವು. ಲೋಕದ ಅನೇಕ ಕಡೆ ವಿಮಾನಗಳು ತಡೆದವು. ನಮ್ಮ ದೇಶದ ಕೆಲವು ವಿಮಾನ ನಿಲ್ದಾಣಗಳಲ್ಲಿ ಪ್ರಯಾಣದ ಚೀಟಿಗಳನ್ನು ಕೈಯಿಂದ ಬರೆದು ಕೊಡಬೇಕಾಯಿತು. ಅಲ್ಲಿ ಕೆಟ್ಟಿದ್ದುದು ವಿಂಡೋಸಿನ ಕಡತವಲ್ಲವಾದುದರಿಂದ ಮೇಲಣ ಪರೀಕ್ಷಕನು ನಿರುಪಯೋಗಿಯಾಗಿದ್ದನು. ಪದೇಪದೇ ಮುಚ್ಚಿ ತೆರೆದರೂ ಏಳದ ಯಂತ್ರಗಳಲ್ಲಿ ಸೇಫ್ ಮೋಡ್ ಇಲ್ಲವೆ ದುರಸ್ತಿಯ ಕೋಣೆಯನ್ನು ಹೊಕ್ಕು, ಆ ಒಂದು ಕಡತವನ್ನು ಒಂದೊಂದು ಯಂತ್ರದಿಂದಲೂ ಕೈಯಾರೆ ತೆಗೆಯಬೇಕಾಯಿತು. ಬೀಗವಿದ್ದ ಯಂತ್ರಗಳಿಗೆ ಆ ೪೮ ಅಂಕೆಗಳೂ ಬೇಕಾದವು. ರೋಗವು ಯಾವುದೆಂದು ತಿಳಿಯದೆ ಒಂದೇ ಮದ್ದನ್ನು ಎಲ್ಲದಕ್ಕೂ ಕೊಡುವುದು ಸರಿಯಲ್ಲವೆಂಬುದಕ್ಕೆ ಇದು ನಿದರ್ಶನವು.

ಇನ್ನೊಂದು ಮಾತು. ವಿಂಡೋಸ್ ೧೦ಕ್ಕೆ ಸಾಮಾನ್ಯ ಬೆಂಬಲವು ೨೦೨೫ನೆಯ ಅಕ್ಟೋಬರ್ ೧೪ರಂದು ಮುಗಿದಿರುವುದು. ಅಂಥ ಯಂತ್ರದ ಕಡತಗಳನ್ನು ಸರಿಪಡಿಸಬಹುದಾದರೂ, ಹೊಸ ಅಪಾಯಗಳಿಂದ ರಕ್ಷಣೆಯು ರಿಪೇರಿಯಿಂದ ದೊರೆಯದು.

ಎಚ್ಚರಿಕೆ

ಯಂತ್ರವು ಕೆಟ್ಟ ವೇಳೆಯಲ್ಲಿ ಮನಸ್ಸೂ ಕಳವಳಗೊಂಡಿರುವುದು. ವಂಚಕರು ಕಾದಿರುವುದು ಆ ವೇಳೆಗೇ. ಪರದೆಯ ಮೇಲೆ ಅಬ್ಬರದ ಎಚ್ಚರಿಕೆಯನ್ನು ಮೂಡಿಸಿ, ಈ ದೂರವಾಣಿಗೆ ಕರೆಮಾಡಿರಿ ಎನ್ನುವವರೂ, ತಾವಾಗಿ ಕರೆಮಾಡಿ ಮೈಕ್ರೋಸಾಫ್ಟಿನಿಂದ ಮಾತನಾಡುತ್ತಿರುವೆವು ಎನ್ನುವವರೂ ಉಂಟು. ಮೈಕ್ರೋಸಾಫ್ಟಿನ ನಿಜವಾದ ದೋಷಸೂಚನೆಗಳಲ್ಲಿ ದೂರವಾಣಿಯ ಸಂಖ್ಯೆಯು ಇರುವುದೇ ಇಲ್ಲ. ಅಪರಿಚಿತರಿಗೆ ನಮ್ಮ ಯಂತ್ರವನ್ನು ದೂರದಿಂದ ನಡೆಸುವ ಹಕ್ಕನ್ನು ಕೊಡುವುದೆಂದರೆ ಮನೆಯ ಬೀಗದ ಕೈಯನ್ನೇ ಕೊಟ್ಟಂತೆ. ಹಣವು ಹೋದುದಾದರೆ ನಾಚಿಕೆಯಿಂದ ಮುಚ್ಚಿಡದೆ, ಕೂಡಲೇ ೧೯೩೦ ಎಂಬ ರಾಷ್ಟ್ರೀಯ ಸಹಾಯವಾಣಿಗೆ ತಿಳಿಸಬೇಕು.

ಎಲ್ಲವನ್ನೂ ನೆನಪಿಡಲಾಗದವರು ಇಷ್ಟನ್ನಾದರೂ ನೆನಪಿಡಿರಿ. ಮೊದಲು ನಮ್ಮದನ್ನು ಕಾಯಬೇಕು. ಅನಂತರ ಉಗ್ರಾಣ, ಅನಂತರ ಕಡತಗಳು, ಅನಂತರ ಕಾರಣ. ಯಂತ್ರವನ್ನು ಬೇರೆಯವರಿಗೆ ಒಪ್ಪಿಸಲೇಬೇಕಾದರೆ, ನಮ್ಮ ಅಪ್ಪಣೆಯಿಲ್ಲದೆ ಯಾವುದನ್ನೂ ಅಳಿಸಕೂಡದೆಂದು ಬಾಯಲ್ಲಿ ಹೇಳಿ, ಚೀಟಿಯಲ್ಲಿಯೂ ಬರೆದು ಕೊಡಬೇಕು. ಮೇಲೆ ಹೇಳಿದ ತಾಯಿಯ ಮನೆಯಲ್ಲಿ ಈಗ ಪ್ರತಿ ಶನಿವಾರ ಸಂಜೆ ಕಡತಗಳನ್ನು ಬೇರೆ ಡಿಸ್ಕಿಗೆ ಪ್ರತಿಮಾಡುವ ಪದ್ಧತಿಯುಂಟು. ಆ ಕೆಲಸವನ್ನು ಮಾಡುವವಳು ಅವಳ ಹಿರಿಯ ಮಗಳು. ಅಜ್ಜಿಯ ಧ್ವನಿಯು ತಿರುಗಿ ದೊರೆಯಲಿಲ್ಲ. ಆ ಕಥೆಗಳಲ್ಲಿ ನೆನಪಿಗೆ ಬಂದಷ್ಟನ್ನು ತಾಯಿಯೂ ಮಗಳೂ ಕೂಡಿ ಬರೆಯುತ್ತಿರುವರು, ಎರಡು ಪ್ರತಿಗಳಲ್ಲಿ. ಅವರಿಗಾದ ನಷ್ಟವು ನಿಮಗಾರಿಗೂ ಬಾರದಿರಲೆಂದು ಹಾರೈಸಿ ಈ ಪಾಠವನ್ನು ಮುಗಿಸುವೆವು.