ಸಾಲದ ಅವಧಿ, ಫಸಲಿನ ಅವಧಿ: ಆಚಾರ್ಯ ವಿ. ಕೆ. ಆರ್. ವಿ. ರಾವ್ ಅವರ ವಿದ್ವತ್ಸೇವೆ

‘ಅರ್ಥ’ವೆಂಬ ಶಬ್ದಕ್ಕೆ ದ್ರವ್ಯವೆಂದೂ ಪ್ರಯೋಜನವೆಂದೂ ಎರಡು ಅರ್ಥಗಳುಂಟು. ದ್ರವ್ಯದ ಲೆಕ್ಕವನ್ನು ಬಲ್ಲವರು ಹಲವರು. ಆ ದ್ರವ್ಯವು ಯಾರ ಪ್ರಯೋಜನಕ್ಕೆಂದು ವಿಚಾರಿಸಿದವರು ಕೆಲವರು. ಅಂಥ ಕೆಲವರಲ್ಲಿ ಡಾ. ವಿ. ಕೆ. ಆರ್. ವಿ. ರಾವ್ ಗಣ್ಯರು. 1967ರಲ್ಲಿಯೂ 1971ರಲ್ಲಿಯೂ ಬಳ್ಳಾರಿ ಕ್ಷೇತ್ರದಿಂದ ಲೋಕಸಭೆಗೆ ಆಯ್ಕೆಯಾದ ಅವರ ಹೆಸರು ಹೊಸಪೇಟೆ, ಸಂಡೂರು, ಕಂಪ್ಲಿಗಳ ಹಿರಿಯರಿಗೆ ಅಪರಿಚಿತವಲ್ಲ. ಆದರೆ ಅವರನ್ನು ಮಂತ್ರಿಗಳೆಂದು ನೆನೆಯುವಷ್ಟು, ಅಂತಾರಾಷ್ಟ್ರೀಯ ಹಣಕಾಸಿನ ಕ್ಷೇತ್ರದಲ್ಲಿ ಹೊಸದೊಂದು ನ್ಯಾಯವನ್ನು ಎತ್ತಿಹಿಡಿದ ಆಚಾರ್ಯರೆಂದು ನೆನೆಯುವುದಿಲ್ಲ.

1908ರ ಜುಲೈ 8ರಂದು ಕಂಚಿಯಲ್ಲಿ ಜನಿಸಿದ ರಾವ್ ಅವರು ಮುಂಬಯಿಯಲ್ಲಿಯೂ ಅನಂತರ ಕೇಂಬ್ರಿಜ್‌ನಲ್ಲಿಯೂ ವ್ಯಾಸಂಗ ಮಾಡಿದರು. ಆಗ ಕೇಂಬ್ರಿಜ್ ಕೇನ್ಸ್ ಅವರ ವಿಚಾರಗಳಿಂದ ಪ್ರಬುದ್ಧವಾಗಿದ್ದಿತು. ಯುವಕ ರಾವ್ ಕೈಗೊಂಡ ವಿಷಯವು ಭಾರತದ ರಾಷ್ಟ್ರೀಯ ಆದಾಯ. ಹೊಲದ ಬೆಳೆಯನ್ನು ಉತ್ಪನ್ನದ ಮೂಲಕ, ವೃತ್ತಿ ಸೇವೆಗಳನ್ನು ಆದಾಯದ ಮೂಲಕ ಎಣಿಸಿ, ಎರಡನ್ನೂ ಜೋಡಿಸಿದ ಅವರ ಕ್ರಮವು ಮುಂದಿನವರಿಗೆ ದಾರಿಯಾಯಿತು. 1942ರಲ್ಲಿ ದೆಹಲಿ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾದ ಅವರು 1949ರಲ್ಲಿ ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್ ಅನ್ನು ಸ್ಥಾಪಿಸಿದರು.

ಈ ಕಾಲದಲ್ಲಿಯೇ ಅವರ ಮುಂದೆ ನಿಂತದ್ದು ವಿದೇಶೀ ವಿನಿಮಯದ ಪ್ರಶ್ನೆ. ಇದನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ಹಂಪಿಯ ಅರಸರ ವರಹಕ್ಕೆ ಅದರೊಳಗಿನ ಚಿನ್ನವೇ ಬೆಲೆ. ಕುದುರೆ ತಂದ ಪರದೇಶದ ವರ್ತಕನೂ ಅದನ್ನು ಒಪ್ಪಿ ಕೊಂಡೊಯ್ಯಬಹುದಾಗಿದ್ದಿತು. ಇಂದಿನ ಕಾಗದದ ನಾಣ್ಯಕ್ಕೆ ಆ ಅನುಕೂಲವಿಲ್ಲ. ಹೊರಗಿನ ಯಂತ್ರವನ್ನು ತರಬೇಕಾದರೆ ಹೊರಗಿನವರು ಒಪ್ಪುವ ಹಣ ಬೇಕು. ಅದನ್ನು ಸಂಡೂರಿನ ಕಬ್ಬಿಣದ ಅದಿರಿನಂತಹ ಸರಕನ್ನು ಮಾರಿ ಗಳಿಸಬೇಕು. ಇಲ್ಲವೇ ಸಾಲವಾಗಿ ಪಡೆಯಬೇಕು.

1944ರ ಬ್ರೆಟನ್ ವುಡ್ಸ್ ಸಮ್ಮೇಳನದಲ್ಲಿ 44 ರಾಷ್ಟ್ರಗಳು ಸೇರಿ ವಿಶ್ವಬ್ಯಾಂಕನ್ನು ಕಲ್ಪಿಸಿದ್ದೇನೋ ನಿಜ. ಆದರೆ ಅದು ಪೇಟೆಯಲ್ಲಿ ತಾನೇ ಬಡ್ಡಿಗೆ ಹಣವನ್ನೆತ್ತಿ ಸಾಲ ಕೊಡುವ ಸಂಸ್ಥೆ. ಬಡ್ಡಿಯೂ ಗಡುವೂ ಅದಕ್ಕೆ ತಕ್ಕಂತೆಯೇ ಇರುವುವು. ದೃಷ್ಟಾಂತಕ್ಕೆ ತುಂಗಭದ್ರಾ ಜಲಾಶಯವನ್ನೇ ಪರಿಭಾವಿಸೋಣ. 1945ರಲ್ಲಿ ಶಂಕುಸ್ಥಾಪನೆಯಾದ ಅಣೆಕಟ್ಟಿನಿಂದ ನೀರು ಹರಿದದ್ದು 1953ರಲ್ಲಿ. ಬಳಿಕ ಕಾಲುವೆ ತೋಡಬೇಕು, ನೆಲ ಸಮಮಾಡಬೇಕು, ರೈತನು ನೀರಾವರಿಯ ಬೆಳೆಗೆ ಹೊಂದಿಕೊಳ್ಳಬೇಕು. ಇಂಥ ಕಾರ್ಯಕ್ಕೆ ಅಲ್ಪಾವಧಿಯ ಸಾಲ ತಂದರೆ ಫಸಲು ಕೈಸೇರುವ ಮೊದಲೇ ಸಾಲಗಾರನು ಬಾಗಿಲಿಗೆ ಬಂದು ನಿಲ್ಲುವನು. ಶಾಲೆ, ಆಸ್ಪತ್ರೆಗಳ ಫಲವಂತೂ ಒಂದು ತಲೆಮಾರು ಕಳೆದ ಮೇಲೆಯೇ ಕಾಣುವುದು.

ವಿಶ್ವಸಂಸ್ಥೆಯ ಆರ್ಥಿಕ ಅಭಿವೃದ್ಧಿ ಉಪ ಆಯೋಗದ ಅಧ್ಯಕ್ಷರಾಗಿದ್ದ ರಾವ್ ಅವರು 1949ರಲ್ಲಿ ಇದಕ್ಕೊಂದು ಪರಿಹಾರವನ್ನು ಮಂಡಿಸಿದರು. ವಿಶ್ವಸಂಸ್ಥೆಯ ಆಶ್ರಯದಲ್ಲಿಯೇ ಆರ್ಥಿಕ ಅಭಿವೃದ್ಧಿ ಆಡಳಿತವೊಂದು ಇರಬೇಕು. ಅದು ಬಡರಾಷ್ಟ್ರಗಳಿಗೆ ದೀರ್ಘಾವಧಿಯ, ಹಗುರವಾದ ಬಡ್ಡಿಯ ನೆರವನ್ನು ನೀಡಬೇಕು ಎಂಬುದು ಅದರ ಸಾರ. ಧನಿಕ ರಾಷ್ಟ್ರಗಳು ಒಪ್ಪಲಿಲ್ಲ, ವಿಶ್ವಬ್ಯಾಂಕೂ ವಿರೋಧಿಸಿತು. ಯೋಜನೆ ಬದಿಗೆ ಸರಿಯಿತು. ಆದರೆ ಪ್ರಶ್ನೆ ಅಳಿಯಲಿಲ್ಲ. ಬಡರಾಷ್ಟ್ರಗಳು ಅದನ್ನು ವರ್ಷವರ್ಷವೂ ಎತ್ತುತ್ತ ಬಂದುದರ ಫಲವಾಗಿ 1960ರಲ್ಲಿ ಅಂತಾರಾಷ್ಟ್ರೀಯ ಅಭಿವೃದ್ಧಿ ಸಂಘವು ಉದಯಿಸಿತು. ಅದರ ಆರಂಭದ ಸಾಲಗಳಿಗೆ ಬಡ್ಡಿಯಿಲ್ಲ, ಶೇಕಡಾ 0.75ರ ಸೇವಾಶುಲ್ಕ ಮಾತ್ರ. ಅವಧಿ 50 ವರ್ಷ. ಅದರಲ್ಲಿ ಮೊದಲ 10 ವರ್ಷ ಅಸಲಿನ ಮರುಪಾವತಿಯಿಲ್ಲ. ಭಾರತವು ಬಹುಕಾಲ ಇದರ ಪ್ರಮುಖ ಫಲಾನುಭವಿಗಳಲ್ಲಿ ಒಂದಾಗಿದ್ದಿತು.

ಆದರೂ ರಾವ್ ಬಯಸಿದ್ದುದು ಪೂರ್ಣವಾಗಿ ಕೈಗೂಡಲಿಲ್ಲವೆಂಬುದನ್ನು ಮರೆಯಲಾಗದು. ಹೊಸ ಸಂಘವು ವಿಶ್ವಸಂಸ್ಥೆಯ ಕೈಗೆ ಬರದೆ ವಿಶ್ವಬ್ಯಾಂಕಿನ ಅಂಗವಾಯಿತು. ಅಲ್ಲಿ ಹೆಚ್ಚು ಹಣ ತೊಡಗಿಸಿದವರ ಮಾತಿಗೆ ಹೆಚ್ಚು ತೂಕ. ಸಾಲದ ಭಾರ ಇಳಿಯಿತು. ಸಾಲದ ನಿರ್ಣಯಾಧಿಕಾರ ಮಾತ್ರ ಕೊಡುವವರಲ್ಲಿಯೇ ಉಳಿಯಿತು. ಈ ವ್ಯತ್ಯಾಸವನ್ನು ಅರಿತರೆ ಮಾತ್ರ ಅವರ ಸಾಧನೆಯನ್ನೂ ಅದರ ಮಿತಿಯನ್ನೂ ಸರಿಯಾಗಿ ತೂಗಿದಂತಾಗುವುದು.

ಮುಂದೆ ಅವರು ದೆಹಲಿ ವಿಶ್ವವಿದ್ಯಾನಿಲಯದ ಕುಲಪತಿಗಳಾದರು, ಯೋಜನಾ ಆಯೋಗದ ಸದಸ್ಯರಾದರು, ಕೇಂದ್ರದಲ್ಲಿ ಸಾರಿಗೆ ಮತ್ತು ನೌಕಾಯಾನ, ತರುವಾಯ ಶಿಕ್ಷಣ ಖಾತೆಗಳನ್ನು ನಿರ್ವಹಿಸಿದರು. ಶಿಕ್ಷಣ ಮಂತ್ರಿಗಳಾಗಿದ್ದಾಗ, 1969ರಲ್ಲಿ, 37 ವಿಶ್ವವಿದ್ಯಾನಿಲಯಗಳಲ್ಲಿ ರಾಷ್ಟ್ರೀಯ ಸೇವಾ ಯೋಜನೆಯನ್ನು ಪ್ರಾರಂಭಿಸಿದರು. 1972ರಲ್ಲಿ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಪರಿವರ್ತನಾ ಸಂಸ್ಥೆಯನ್ನು ಕಟ್ಟಿದರು. 1974ರಲ್ಲಿ ಪದ್ಮವಿಭೂಷಣರಾದ ಅವರು 1991ರ ಜುಲೈ 25ರಂದು ದಿವಂಗತರಾದರು.

ಪದವಿಗಳು ಬಂದು ಹೋದವು. ಕಟ್ಟಿದ ಸಂಸ್ಥೆಗಳು ಉಳಿದವು. ಪಾಠ ಹೇಳುವವರಿಗೂ ಪಾಠಶಾಲೆಗೆ ದ್ರವ್ಯ ನೀಡುವವರಿಗೂ ಇವರ ಜೀವನದಲ್ಲಿ ಒಂದೇ ಉಪದೇಶವಿದೆ. ವಿದ್ಯೆಗೆ ಇಟ್ಟ ಹಣವು ಬೇಗನೆ ಮರಳುವುದಿಲ್ಲ. ಅದರ ಫಸಲಿನ ಕಾಲವೇ ಬೇರೆ. ಅದನ್ನು ಕಾಯುವ ತಾಳ್ಮೆಯುಳ್ಳವನೇ ಅರ್ಥದ ಅರ್ಥವನ್ನು ಬಲ್ಲವನು.