ಹೊಲದ ದಾರಿಗೆ ಹಾರುಬೂದಿಯ ಕಾಂಕ್ರೀಟು

ಕಲ್ಲಿದ್ದಲು ಉರಿಸುವ ವಿದ್ಯುತ್ ಸ್ಥಾವರಗಳಲ್ಲಿ ಹೊಗೆಯೊಡನೆ ಏಳುವ ನುಣ್ಣನೆಯ ಬೂದಿಯೇ ಹಾರುಬೂದಿ. ನಮ್ಮ ಸೊಲ್ಲಾಪುರ ಜಿಲ್ಲೆಯಲ್ಲಿಯೂ ಇಂಥ ಸ್ಥಾವರವುಂಟು. ರಾಶಿ ಬಿದ್ದರೆ ಗಾಳಿಗೆದ್ದು ಬೆಳೆಯ ಮೇಲೆ ಕೂಡುವ ಈ ಬೂದಿ, ಸಿಮೆಂಟಿನೊಡನೆ ಬೆರೆತರೆ ದಾರಿಗೆ ಬಲವಾಗುತ್ತದೆ.

ಸಿಮೆಂಟು ನೀರು ಕೂಡಿ ಗಟ್ಟಿಯಾಗುವಾಗ ಸುಣ್ಣದ ಅಂಶ ಹೊರಬೀಳುತ್ತದೆ. ಬೂದಿಯಲ್ಲಿಯ ಸಿಲಿಕವು ಆ ಸುಣ್ಣದೊಡನೆ ಸೇರಿ ಹೊಸ ಅಂಟಾಗುತ್ತದೆ. ಈ ಕೆಲಸ ನಿಧಾನದ್ದು. ತೇವ ಆರಿದರೆ ಅಲ್ಲಿಗೇ ನಿಲ್ಲುತ್ತದೆ.

ಹಾರುಬೂದಿಯ ಪೊಜೊಲಾನಾ ಸಿಮೆಂಟಿನ ಚೀಲದಲ್ಲಿ ಶೇಕಡಾ 15ರಿಂದ 35ರಷ್ಟು ಬೂದಿ ಮೊದಲೇ ಕೂಡಿರುತ್ತದೆ. ಅದಕ್ಕೆ ಮತ್ತೆ ಬೂದಿ ಸುರಿಯಬಾರದು. ಒಲೆಯ ಬೂದಿಯಂತೂ ಇದಕ್ಕೆ ಸಲ್ಲದು.

ಕಾಂಕ್ರೀಟು ಹಾಕಿದ ದಿನ ಒದ್ದೆ ಗೋಣಿತಟ್ಟು ಹೊದಿಸಿರಿ. ಮರುದಿನದಿಂದ ಅದರ ಮೇಲೆ ಮಣ್ಣಿನ ಸಣ್ಣ ಮಡಿಗಳನ್ನು ಕಟ್ಟಿ, 14 ದಿನ ನೀರು ನಿಲ್ಲಿಸಿರಿ. 28 ದಿನ ತುಂಬುವವರೆಗೆ ಭಾರದ ಗಾಡಿ ಬಿಡಬೇಡಿರಿ. ಕಾರಖಾನೆ ಸುರುವಾಯಿತೆಂದು ಹತ್ತನೆಯ ದಿನವೇ ಕಬ್ಬಿನ ಟ್ರಾಕ್ಟರ್ ಹೊಡೆದರೆ, ಎಳೆಯ ಕಾಂಕ್ರೀಟು ಬಿರುಕುಬಿಟ್ಟೀತು. ಮುಂದಿನ ಮಳೆಯ ನೀರು ಅದರೊಳಗಿಳಿದು ಬುಡ ಸಡಿಲಿಸೀತು.

ಆದುದರಿಂದ ಹಂಗಾಮಿಗೆ ಒಂದೂವರೆ ತಿಂಗಳು ಮುಂಚೆಯೇ ಕೆಲಸ ಮುಗಿಸಿರಿ. ಗುತ್ತಿಗೆದಾರನು ನೀರುಣಿಸದೆ ಹೊರಟುಹೋದರೆ ಊರವರೇ ಸರದಿಯಂತೆ ಉಣಿಸಿರಿ. ದಾರಿ ನಿಮ್ಮದು.